ಅವ್ವನ ಡಬ್ಬಿಯ ಹಿಟ್ಟು

ಜೋಳದ ರೊಟ್ಟಿ ಬಡಿಯುವುದು ಏನು ಮಹಾ ವಿದ್ಯೆ? ಹಿಟ್ಟು, ನೀರು, ಎರಡು ಕೈ. ನಲವತ್ತು ವರ್ಷ ರೊಟ್ಟಿ ತಿಂದ ಅನುಭವವಂತೂ ನನಗಿತ್ತು. ಹಾಗಾಗಿ ಆ ಭಾನುವಾರ ಹೆಂಡತಿ ಶೈಲಾ ಬೆಟಗೇರಿಯ ಪೇಟೆಗೆ ಕಾಯಿಪಲ್ಲೆ ತರಲು ಹೋದದ್ದೇ ತಡ, ಮಗಳ ಆಹಾರ ಸುಧಾರಣಾ ಕಾರ್ಯಕ್ರಮವನ್ನು ನಾನು ವಿಧಿವತ್ತಾಗಿ ಉದ್ಘಾಟಿಸಿದೆ.

ಮಗಳು ಪವಿಗೆ ಆರು ವರ್ಷ. ನಮ್ಮವ್ವ, ಅಂದರೆ ಅವಳ ಆಯಿ, ಇದ್ದಾಗ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳು ಎಲ್ಲ ತಿನ್ನುತ್ತಿದ್ದಳು. ಅವ್ವ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಂದಿನಿಂದ ನೂಡಲ್ಸ್, ಟೋಸ್ಟು, ಇಷ್ಟೇ. ಶೈಲಾ ರೊಟ್ಟಿ ಕೊಟ್ಟರೆ ಒಂದು ತುತ್ತು ಮುರಿದು, "ಇದು ಆಯಿ ರೊಟ್ಟಿ ಅಲ್ಲ" ಎಂದು ತಾಟು ದೂಡುತ್ತಾಳೆ. ಕೂಸಿನ ಮುಖ ಇಷ್ಟೇ ಇಷ್ಟಾಗಿದೆ. ನನಗೂ ಹಾಗೇ ಅನ್ನಿಸುತ್ತಿತ್ತು, ಖರೆ. ತಾಟು ದೂಡುವ ಧೈರ್ಯ ಮಾತ್ರ ಇರಲಿಲ್ಲ.

ಆಳವಾಗಿ ವಿಚಾರ ಮಾಡಿ ನಾನು ಕಂಡುಹಿಡಿದೆ: ದೋಷ ಇರುವುದು ಹಿಟ್ಟಿನಲ್ಲಿ. ಯಳವತ್ತಿಯಿಂದ ಬಿಳಿಜೋಳ ತರಿಸಿ ಅವ್ವ ತಾನೇ ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದ ಹಿಟ್ಟು ಇನ್ನೂ ಅಡುಗೆಮನೆಯ ಮೂಲೆಯ ಡಬ್ಬಿಯಲ್ಲಿತ್ತು. ಇದನ್ನು ಯಾರೂ ಯಾಕೆ ಮುಟ್ಟಿಲ್ಲ ಎಂಬ ಪ್ರಶ್ನೆ ನನ್ನಂಥ ಬುದ್ಧಿವಂತನಿಗೆ ಹೊಳೆಯಲಿಲ್ಲ. ಬಟ್ಟಲು ಹಾಕಿ ತೋಡಿಕೊಂಡೆ.

ನೀರು ಕಾಯಿಸಿದೆ, ನಾದಿದೆ, ಬಡಿದೆ. ಮೊದಲನೆಯದು ಅಂಚಿನಲ್ಲಿ ಬಿರಿಯಿತು. ಎರಡನೆಯದು ನಡುವೆ ಸೀಳಿತು. ಮೂರನೆಯದನ್ನು ಎತ್ತಿದರೆ ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಕೂತಿತು. ಸಿಟ್ಟಿನಿಂದ ಇನ್ನೂ ಜೋರಾಗಿ ಬಡಿದೆ. ಪಕ್ಕದ ಮನೆಯ ಫಾತಿಮಾಬಿ ಗೋಡೆಯಾಚೆಯಿಂದ ಕೇಳಿದರು:

"ಗ್ವಾಡಿಗೆ ಮೊಳಿ ಹೊಡ್ಯಾಕತ್ತೀರೇನ್ರಿ?"

"ಇಲ್ರೀ, ರೊಟ್ಟಿ."

"ಕೂಸಿನ್ನ ನಮ್ಮನಿಗೆ ಕಳಸ್ರಿ," ಎಂದರು.

ಪವಿಯನ್ನು ಕಳಿಸಿದೆ. ಅಷ್ಟರಲ್ಲಿ ಶೈಲಾ ಬಂದಳು. ಹಂಚಿನ ಮೇಲಿನ ತುಂಡುಗಳನ್ನು ನೋಡಿ ನಗಲು ಬಾಯಿ ತೆರೆದವಳು, ಡಬ್ಬಿ ನೋಡಿ ಹಾಗೇ ನಿಂತಳು.

"ಇದನ್ಯಾಕ ತಗದ್ರಿ? ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ. ನಾಕು ತಿಂಗಳಾತು, ಇದರಾಗ ರೊಟ್ಟಿ ಬರ್ತಾವೇನ್ರಿ?"

"ಮತ್ತ ಯಾಕ ಇಟ್ಟಿದ್ದಿ?"

"ಡಬ್ಬಿ ತುಂಬಿ ಅತ್ತಿ ಅಂಗೈಲೆ ಒತ್ತಿದ್ರು. ಅವರ ಕೈಯಚ್ಚು ಹಂಗ ಮೂಡಿತ್ತು. ಪವಿ ದಿನಾ ಮುಚ್ಚಳ ತಗದು ನೋಡಿ ಸಾಲಿಗೆ ಹೋಗ್ತಿದ್ಲು."

ಡಬ್ಬಿಯೊಳಗೆ ಇಣುಕಿದೆ. ನಾನು ತೋಡಿದ ಗುಂಡಿಯೊಂದೇ ಇತ್ತು. ಅವ್ವನನ್ನು ಒಮ್ಮೆ, ಒಂದೇ ಒಂದು ಸಲ ನೋಡಬೇಕೆನ್ನಿಸಿ ಅಳು ಬಂತು. ಕಣ್ಣಿಗೆ ಹಿಟ್ಟು ಬಿತ್ತೆಂದೆ. ಶೈಲಾ ನಂಬಿದಂತೆ ಮಾಡಿದಳು.

ಪವಿ ಬಂದು ಡಬ್ಬಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ರೊಟ್ಟಿಯ ತುಂಡೊಂದನ್ನು ಬಾಯಿಗಿಟ್ಟು, ಉಗುಳಿದಳು.

"ಕಹಿ ಐತಿ. ಅಪ್ಪಾ, ನೀ ಇನ್ನ ರೊಟ್ಟಿ ಮಾಡಬ್ಯಾಡ. ನಾ ಮಮ್ಮಿ ರೊಟ್ಟಿ ತಿಂತೀನಿ."

ಮಧ್ಯಾಹ್ನ ತಿಂದಳು ಕೂಡ. ನಾನೆಲ್ಲಿ ಮತ್ತೆ ಒಲೆಯ ಕಡೆ ಹೋಗುತ್ತೇನೋ ಎಂದು ನನ್ನನ್ನೇ ನೋಡುತ್ತಾ, ಪಲ್ಲೆ ಸಮೇತ ಪೂರ್ತಿ ರೊಟ್ಟಿ! ಹೀಗೆ ಕಾರ್ಯಕ್ರಮವು ನನ್ನ ರೊಟ್ಟಿಯ ಭೀತಿಯಿಂದ ಯಶಸ್ವಿಯಾಯಿತು.

ನನ್ನ ತುಂಡುಗಳನ್ನು ಶೈಲಾ ಚೆಲ್ಲಲು ಹೊರಟಳು. ನಾನು ಬಿಡಲಿಲ್ಲ.

"ಹೊಟ್ಟಿ ಕೆಡತೈತ್ರಿ."

"ಕೆಡ್ಲಿ. ಅವ್ವ ಬೀಸಿಸಿದ್ದು."

ಶೇಂಗಾ ಚಟ್ನಿ ಹಚ್ಚಿಕೊಂಡು ಒಂದೂ ಬಿಡದೆ ತಿಂದೆ. ಎರಡು ದಿನ ಹೊಟ್ಟೆ ಕೆಟ್ಟು ಮಲಗಿದೆ. ಪವಿ ಗಂಜಿಯ ಬಟ್ಟಲು ಹಿಡಿದು ಎದುರಿಗೆ ಕುಳಿತು, ಥೇಟ್ ಆಯಿಯ ದನಿಯಲ್ಲೇ ಅಂದಳು: "ಬಿಡಬ್ಯಾಡ, ಪೂರ್ತಿ ಕುಡಿ."

ಕುಡಿದೆ. ಇನ್ನೊಂದು ಬಟ್ಟಲು ಕೇಳಿದೆ.