ಮನೆಯಲ್ಲಿ ಬಿಟ್ಟ ಫೋನು

ಆ ದಿನದ ತಾಪತ್ರಯಕ್ಕೆಲ್ಲ ಮೂಲ ಇಷ್ಟೇ: ನಮ್ಮ ಸೆಕ್ರೆಟರಿ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಫೋನನ್ನು ಬೇಕೆಂದೇ ಊಟದ ಮೇಜಿನ ಮೇಲೆ ಬಿಟ್ಟುಹೋದ.

ಸೆಕ್ರೆಟರಿ ಎಂಬುದು ಅವನ ನೌಕರಿಯಲ್ಲ, ಗ್ರಹಚಾರ. ಅವನಿದ್ದ ಆರು ಮಹಡಿಯ ಕಟ್ಟಡದ ನಿವಾಸಿಗಳು ಒಂದು ಸಂಘ ಮಾಡಿಕೊಂಡಿದ್ದರು. ಒಂದು ಭಾನುವಾರ ಅವನು ಸಭೆಗೆ ಹೋಗದೆ ಮನೆಯಲ್ಲಿ ಮಲಗಿದ್ದಾಗ ಎಲ್ಲರೂ ಸೇರಿ ಅವನನ್ನೇ ಕಾರ್ಯದರ್ಶಿಯಾಗಿ ಆರಿಸಿಬಿಟ್ಟರು. ಅಂದಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಮಾಯವಾಗಿ, ಹಾಲಿನವನಿಗೂ ಅವನು ಸೆಕ್ರೆಟರಿಯೇ ಆದ. ನಲ್ಲಿಯಲ್ಲಿ ನೀರು ಬಾರದಿದ್ದರೆ ಅವನಿಗೆ ಫೋನು, ಲಿಫ್ಟ್ ನಿಂತರೆ ಅವನಿಗೆ ಫೋನು, ಮೇಲಿನ ಮನೆಯವರು ಕುರ್ಚಿ ಎಳೆದರೂ ಅವನಿಗೇ ಫೋನು. ಬಂದ ಕರೆಯನ್ನು ಎತ್ತದೆ ಕೂರುವ ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ.

ಹೊಟ್ಟೆಪಾಡಿಗೆ ಅವನು ಒಂದು ಪ್ರೆಸ್ಸಿನಲ್ಲಿ ಔಷಧಿ ಸೀಸೆಗಳ ಲೇಬಲ್ಲುಗಳ ಕರಡು ತಿದ್ದುತ್ತಿದ್ದ. ಹೋದ ವಾರ ಐದನೇ ಮಹಡಿಯ ಟ್ಯೂಷನ್ ಟೀಚರ್ ಜೊತೆ ಬಚ್ಚಲಿನ ಸೋರಿಕೆ ಬಗ್ಗೆ ಮಾತಾಡುತ್ತಲೇ ಕರಡು ನೋಡಿದ್ದ. ಫಲವಾಗಿ ತಲೆಗೆ ಹಚ್ಚುವ ಎಣ್ಣೆಯ ಲೇಬಲ್ಲಿನಲ್ಲಿ 'ಊಟದ ನಂತರ ಎರಡು ಚಮಚ' ಎಂದು ಅಚ್ಚಾಗಿತ್ತು. ಪುಣ್ಯಕ್ಕೆ ಸೀಸೆಗೆ ಅಂಟಿಸುವ ಮುಂಚೆ ಯಾರದೋ ಕಣ್ಣಿಗೆ ಬಿತ್ತು. ಯಜಮಾನರು ಅವನನ್ನು ಕರೆದು, ಇನ್ನೊಂದು ತಪ್ಪಾದರೆ ಕಟ್ಟಡದ ಸೇವೆಯನ್ನೇ ಪೂರ್ತಿ ಹೊತ್ತು ಮಾಡಿಕೊಂಡಿರಬಹುದು ಎಂದು ನಯವಾಗಿ ತಿಳಿಸಿದರು.

ಹೀಗಾಗಿ ಅವನು ಎರಡು ನಿರ್ಧಾರ ಮಾಡಿದ್ದ. ಸಂಜೆಯ ಸಭೆಯಲ್ಲಿ ರಾಜೀನಾಮೆ ಕೊಟ್ಟು ಕೈತೊಳೆದುಕೊಳ್ಳುವುದು ಒಂದು. ಫೋನನ್ನು ಮನೆಯಲ್ಲೇ ಬಿಟ್ಟು, ಹೊಸದಾಗಿ ಕೊಂಡ ಸ್ಮಾರ್ಟ್‌ವಾಚ್ ಮಾತ್ರ ಕಟ್ಟಿಕೊಂಡು ಓಡಾಡುವುದು ಇನ್ನೊಂದು. ಫೋನ್ ಜೊತೆಗಿಲ್ಲದಿದ್ದರೂ ವಾಚಿಗೆ ಕರೆ ಬರುತ್ತದೆ, ನಂಬರೂ ಅದೇ ಎಂದು ಅಂಗಡಿಯವನು ಹೇಳಿದ್ದ. ಹೆಂಡತಿಯದೋ ಯಜಮಾನರದೋ ಕರೆಯಾದರೆ ತೆಗೆದುಕೊಳ್ಳುವುದು, ಮಿಕ್ಕವರದಾದರೆ ಅಂಗಿಯ ತೋಳು ಕೆಳಗೆ ಎಳೆದು ಮುಚ್ಚಿಬಿಡುವುದು ಎಂಬುದು ಅವನ ಲೆಕ್ಕಾಚಾರ. ಕರೆ ಎರಡು ಕಡೆಯೂ ಬಡಿದುಕೊಳ್ಳುತ್ತದೆ, ಯಾರು ಮೊದಲು ಎತ್ತುತ್ತಾರೋ ಅವರ ಪಾಲು ಎಂಬುದನ್ನೂ ಅಂಗಡಿಯವನು ಹೇಳಿದ್ದನೋ ಏನೋ. ಸರಿಯಾಗಿ ಆಗಲೇ ನೀರಿನ ಪಂಪಿನ ವಿಚಾರಕ್ಕೆ ಒಂದು ಫೋನ್ ಬಂದದ್ದರಿಂದ ಇವನ ಕಿವಿಗೆ ಬೀಳಲಿಲ್ಲ.

ಹೊರಡುವಾಗ ಮನೆಯಲ್ಲಿದ್ದವರು ಮಾವ ಒಬ್ಬರೇ. ರೈಲ್ವೆಯ ಕಂಟ್ರೋಲ್ ರೂಮಿನಲ್ಲಿದ್ದು ನಿವೃತ್ತರಾದವರು, ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಊಟದ ಮೇಜಿನ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಎದುರಿನ ಗೋಡೆ ನೋಡುವುದು ಅವರ ದಿನಚರಿ.

ಬಸ್ಸಿನಲ್ಲಿ ವಾಚು ಮೊದಲ ಸಲ ನಡುಗಿತು. ಅವನು ಗಾಬರಿಯಾಗಿ ತೋಳು ಮೇಲೇರಿಸುವಷ್ಟರಲ್ಲಿ ತಣ್ಣಗಾಯಿತು. ಇಳಿಯುವ ಮುಂಚೆ ಇನ್ನೊಂದೆರಡು ಸಲ ಹಾಗೇ ಆಯಿತು. ಒಂದು ಸಲ ನಡುಗುವುದು, ಸುಮ್ಮನಾಗುವುದು. ಜನಕ್ಕೆ ಕೊನೆಗೂ ಕರುಣೆ ಹುಟ್ಟಿದೆ, ಒಂದು ಸಲ ಬಡಿದು ಇಟ್ಟುಬಿಡುತ್ತಿದ್ದಾರೆ ಎಂದುಕೊಂಡ.

ಮಧ್ಯಾಹ್ನದವರೆಗೂ ಒಂದೂ ಮಾತಾಡದೆ ಕೆಮ್ಮಿನ ಔಷಧಿಯ ಲೇಬಲ್ ತಿದ್ದಿದ. ಬುತ್ತಿ ಬಿಚ್ಚುವ ಹೊತ್ತಿಗೆ ವಾಚಿನಲ್ಲಿ ಸಂದೇಶಗಳು ಇಣುಕತೊಡಗಿದವು. 'ತಕ್ಷಣ ಸ್ಪಂದಿಸಿದ್ದಕ್ಕೆ ವಂದನೆಗಳು' ಎಂದು ಮೂರನೇ ಮಹಡಿಯ ಹಲ್ಲಿನ ಡಾಕ್ಟರು. 'ಇವತ್ತಿನ ನಿಮ್ಮ ಮಾತು ಕೇಳಿ ಮನಸ್ಸಿಗೆ ಹಿತವಾಯಿತು' ಎಂದು ಟ್ಯೂಷನ್ ಟೀಚರ್. ನೆಲಮಹಡಿಯ ಟೈಲರಂತೂ ಎರಡು ಕೈ ಜೋಡಿಸಿದ ಚಿತ್ರವನ್ನು ಸಾಲಾಗಿ ಕಳಿಸಿದ್ದ. ಬೈಗುಳ ಓದಿ ಅಭ್ಯಾಸವಿದ್ದ ನಮ್ಮ ಸೆಕ್ರೆಟರಿ ಹೊಗಳಿಕೆ ಓದಿ ಗಾಬರಿಯಾಗಿ ಬುತ್ತಿ ಮುಚ್ಚಿಟ್ಟ.

ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ವಾಚಿನಿಂದ ತನ್ನ ಫೋನಿಗೇ ಕರೆಮಾಡಿದ. ತನ್ನ ನಂಬರಿನಿಂದ ತನ್ನ ನಂಬರಿಗೇ ಮಾಡಿದರೆ ಹೋಗುವುದೆಲ್ಲಿಗೆ? ಲೈನ್ ಬಿಡುವಿಲ್ಲ ಎಂದಿತು. ಪಕ್ಕದ ಕಟಿಂಗ್ ಮೆಷಿನ್ನಿನವನು ಪರರ ಸಂಕಟವನ್ನು ಹತ್ತಿರದಿಂದ ನೋಡಲು ಇಷ್ಟಪಡುವ ಮನುಷ್ಯ. ತನ್ನ ಫೋನನ್ನು ಕೊಟ್ಟ, ಜೊತೆಗೆ ತಾನೂ ಕೇಳಲೆಂದು ಸ್ಪೀಕರನ್ನೂ ಹಾಕಿಕೊಟ್ಟ. ಸೆಕ್ರೆಟರಿ ನಂಬರ್ ಒತ್ತಿದೊಡನೆ ಅವನ ಮಣಿಕಟ್ಟೇ ನಡುಗಿತು. ಮರುಕ್ಷಣ ನಿಂತಿತು.

"ಹಲೋ, ಸೆಕ್ರೆಟರಿ ಸ್ಪೀಕಿಂಗ್," ಎಂದಿತು ಮಾವನ ದನಿ.

"ಮಾವ, ನಾನು..."

"ಮೊದಲು ಮನೆ ನಂಬರ್ ಹೇಳಿ. ಆಮೇಲೆ ದೂರು."

"ಮಾವ, ನಾನು ನಿಮ್ಮ ಅಳಿಯ."

"ಓ, ಅಳಿಯಂದ್ರಾ. ಬೇಗ ಮುಗಿಸಿಬಿಡಿ, ಲೈನ್ ಖಾಲಿ ಇರಬೇಕು. ಲಿಫ್ಟಿನವನು ವಾಪಸ್ ಫೋನ್ ಮಾಡ್ತೀನಿ ಅಂದಿದ್ದಾನೆ."

ದಯವಿಟ್ಟು ಯಾರ ಕರೆಯನ್ನೂ ಎತ್ತಬೇಡಿ ಎಂದು ಇವನು ಅಂಗಲಾಚಿದ. ಮಾವನಿಗೆ ಅದು ಅರ್ಥವೇ ಆಗಲಿಲ್ಲ. "ಬಡ್ಕೊಳ್ತಿರೋ ಫೋನನ್ನ ನೋಡ್ಕೊಂಡು ಕೂತಿರೋದು ಹೇಗೆ? ಸರ್ವೀಸಿನಲ್ಲಿ ಒಂದು ದಿನವೂ ಎರಡನೇ ಬೆಲ್ ಆಗೋಕೆ ಬಿಟ್ಟವನಲ್ಲ ನಾನು," ಎಂದು ಹೇಳಿ ಇಟ್ಟೇಬಿಟ್ಟರು.

ಸೆಕ್ರೆಟರಿ ತಿರುಗಿ ನೋಡಿದರೆ ಹಿಂದೆ ಯಜಮಾನರು. ಅವರ ಕೈಯಲ್ಲಿ ಕೆಮ್ಮಿನ ಔಷಧಿಯ ಕರಡು ಇತ್ತು. ಅದರಲ್ಲಿ ಒಂದೂ ತಪ್ಪಿರಲಿಲ್ಲವಾದರೂ ಅದನ್ನು ಹೇಳುವ ಉತ್ಸಾಹ ಅವರಿಗೆ ಉಳಿದಿರಲಿಲ್ಲ.

"ಫೋನ್ ಮನೇಲಿಟ್ಟು ಬಂದೆ ಅಂದ್ರಿ. ಈಗ ಬೇರೆಯವರ ಫೋನು ಶುರುವಾಯ್ತಾ?" ಎಂದರು. "ನಾಳೆ ಬೆಳಿಗ್ಗೆ ಬರುವಾಗ ಆ ಸೆಕ್ರೆಟರಿಗಿರಿ ಬಿಟ್ಟು ಬನ್ನಿ. ಆಗಲ್ಲ ಅಂದ್ರೆ ಬರಲೇಬೇಡಿ."

ಸಂಜೆ ಅವನು ಜೀವ ಕೈಯಲ್ಲಿ ಹಿಡಿದು ಮನೆಗೆ ಬಂದ. ಮಾವ ದಿನವಿಡೀ ಏನೇನು ಮಾತು ಕೊಟ್ಟಿದ್ದಾರೆಂಬುದು ಗೇಟಿನಲ್ಲೇ ತಿಳಿಯಿತು. ಟೈಲರು ಕಾದು ನಿಂತಿದ್ದ. ಚರಂಡಿ ಮುಚ್ಚಳವನ್ನು ಸಂಜೆ ಖುದ್ದಾಗಿ ಬಂದು ಎತ್ತಿ ನೋಡುತ್ತೇನೆ ಎಂದು ಸೆಕ್ರೆಟರಿಯವರು ಫೋನಿನಲ್ಲಿ ಹೇಳಿದ್ದರಂತೆ. ನಮ್ಮವನು ಎತ್ತಿ ನೋಡಿದ, ಮೂಗು ಮುಚ್ಚಿಕೊಂಡು ಮುಚ್ಚಿದ. ಲಿಫ್ಟು ಇನ್ನೂ ರಿಪೇರಿಯಲ್ಲಿತ್ತು. ಮೂರನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಬಾಗಿಲಲ್ಲೇ ಹಿಡಿದು ಕಿಟಕಿಯ ಬಿರುಕು ತೋರಿಸಿದರು. ಐದನೆಯದರಲ್ಲಿ ಟ್ಯೂಷನ್ ಟೀಚರ್ ಅವನ ಕೈಗೆ ಟಾರ್ಚ್ ಕೊಟ್ಟು ಬಚ್ಚಲಿನ ಮೂಲೆಗೆ ಬಗ್ಗಿಸಿದರು. ಬೆಳಿಗ್ಗೆ ದನಿ ಸ್ವಲ್ಪ ದಪ್ಪಗಿತ್ತು, ಶೀತವಾಗಿತ್ತಾ ಎಂದು ಕೇಳಿದ ಅವರು, ಆ ದನಿಯಲ್ಲೇ ಒಂದು ತೂಕವಿತ್ತು ಎಂದೂ ಸೇರಿಸಿದರು.

ತಾರಸಿಯ ಸಭೆಗೆ ಅವನು ತಲುಪಿದಾಗ ಪ್ಯಾಂಟಿನ ಮಂಡಿ ಒದ್ದೆ, ಕೈಯಲ್ಲಿ ಚರಂಡಿಯ ವಾಸನೆ. ಕೂರುವ ಮೊದಲೇ, ತನಗೆ ಸಾಕಾಗಿದೆ, ಈ ಕ್ಷಣವೇ ರಾಜೀನಾಮೆ ಕೊಡುತ್ತೇನೆ ಎಂದ. ಅಧ್ಯಕ್ಷರಾಗಿದ್ದ ಹಲ್ಲಿನ ಡಾಕ್ಟರು ನಕ್ಕು, ಇವತ್ತು ಒಂದೇ ದಿನದಲ್ಲಿ ಆದಷ್ಟು ಕೆಲಸ ಎರಡು ವರ್ಷದಲ್ಲಿ ಆಗಿರಲಿಲ್ಲ, ಇಂಥವರನ್ನು ಯಾರಾದರೂ ಬಿಡುತ್ತಾರೆಯೇ ಎಂದು ಎಲ್ಲರನ್ನೂ ಕೇಳಿದರು. ಚಪ್ಪಾಳೆ ಬಿತ್ತು. ಮುಂದಿನ ಮೂರು ವರ್ಷಕ್ಕೂ ಇವರೇ ಇರಲಿ ಎಂದು ಟೈಲರು ಕೂಗಿದ.

ಸೆಕ್ರೆಟರಿಗೆ ಅಳು ಬರುವುದೊಂದು ಬಾಕಿ. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ. ಫೋನಿನಲ್ಲಿ ಮಾತಾಡಿದ್ದು ತಾನಲ್ಲ, ತನ್ನ ಮಾವ. ಲಿಫ್ಟಿನವನನ್ನು ಗದರಿಸಿದ್ದೂ ಅವರೇ. ತಾನು ಆಗ ಪ್ರೆಸ್ಸಿನಲ್ಲಿ ಕೆಮ್ಮಿನ ಔಷಧಿ ತಿದ್ದುತ್ತಿದ್ದೆ ಎಂದ.

"ಹಾಗಿದ್ರೆ ಅವರನ್ನೇ ಸೆಕ್ರೆಟರಿ ಮಾಡೋಣ," ಎಂದರು ಟ್ಯೂಷನ್ ಟೀಚರ್.

ಕೈಗಳು ಒಟ್ಟಿಗೇ ಮೇಲೆದ್ದವು. ಎಲ್ಲರಿಗಿಂತ ಎತ್ತರಕ್ಕೆ ಎದ್ದದ್ದು ನಮ್ಮವನ ಕೈ. ಎರಡನೇ ಮಹಡಿಯ ತನ್ನ ಮನೆಗೆ ಇಳಿಯುವಾಗ ಅವನಿಗೆ ಮೆಟ್ಟಿಲು ಕಾಣಲೇ ಇಲ್ಲ. ನಾಳೆ ಯಜಮಾನರ ಮುಂದೆ ನಿಂತು ಬಿಟ್ಟು ಬಂದೆ ಎನ್ನಬಹುದು. ಭಾನುವಾರ ಹೊದ್ದು ಮಲಗಬಹುದು. ಬಹಳ ದಿನಗಳ ಮೇಲೆ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಸುದ್ದಿ ಕೇಳಿ ಮಾವ ಕುರ್ಚಿಯಲ್ಲೇ ನೆಟ್ಟಗಾದರು. ಕನ್ನಡಕ ತೆಗೆದು ಒರೆಸಿಕೊಂಡರು.

"ರಿಟೈರ್ ಆದ್ಮೇಲೆ ನನಗೆ ಅಂತ ಒಂದು ಫೋನ್ ಬಂದಿರ್ಲಿಲ್ಲ, ಅಳಿಯಂದ್ರೆ," ಎಂದರು. "ರಾಂಗ್ ನಂಬರ್ ಬಂದ್ರೂ ಊಟ ಆಯ್ತಾ ಅಂತ ಕೇಳಿ ಮಾತಾಡಿಸ್ತಿದ್ದೆ."

ಅವನ ಸಿಟ್ಟೆಲ್ಲ ಕರಗಿಹೋಯಿತು. ಬ್ಯಾಂಕಿನ ಕೆಲಸದಿಂದ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನತ್ತ ನೋಡಿದ ನೋಟದಲ್ಲಿ ಮದುವೆಯಾದ ಹೊಸತರ ಪ್ರೀತಿ ಇತ್ತು. ಉದಾರವಾಗಿ ಫೋನನ್ನು ಎರಡೂ ಕೈಯಿಂದ ಎತ್ತಿ ಮಾವನಿಗೆ ಕೊಟ್ಟ. ಇನ್ನು ಮೇಲೆ ಇದು ನಿಮ್ಮದೇ ಎಂದ.

"ಒಂದೇ ತೊಂದರೆ," ಎಂದರು ಮಾವ, ಮಂಡಿ ಸವರಿಕೊಳ್ಳುತ್ತ. "ಮೆಟ್ಟಿಲು ಹತ್ತಬಾರದು ಅಂದಿದ್ದಾರೆ ಡಾಕ್ಟ್ರು. ಕಂಟ್ರೋಲ್ ರೂಮ್ ನಾನು ನೋಡ್ಕೋತೀನಿ, ಲೈನ್ ಮೇಲೆ ಓಡಾಡೋಕೆ ಒಬ್ಬರು ಬೇಕಲ್ಲ."

ಯಾರಾದರೂ ಸಿಗುತ್ತಾರೆ ಬಿಡಿ ಎಂದು ಅವನು ಊಟಕ್ಕೆ ಕೂತ. ಮೊದಲ ತುತ್ತು ಕೈಯಲ್ಲಿರುವಾಗಲೇ ಮಣಿಕಟ್ಟು ನಡುಗಿತು. ಮೇಜಿನ ಮೇಲಿನ ಫೋನೂ ಬಡಿದುಕೊಂಡಿತು, ಆದರೆ ಜೀವಮಾನದಲ್ಲಿ ಮೊದಲ ಬಾರಿಗೆ ಮಾವ ಅದನ್ನು ಎತ್ತಲಿಲ್ಲ. ಅವರ ಕಿವಿಯ ಬಳಿ ಅವರದೇ ಹಳೆಯ ಫೋನಿತ್ತು. ಎದುರಿಗೇ ಕೂತು ಅವನನ್ನೇ ನೋಡುತ್ತಿದ್ದರು.

ಅವನು ವಾಚನ್ನು ಒತ್ತಿದ. "ಹಲೋ, ಕಂಟ್ರೋಲ್," ಎಂದಿತು ಅದು ಮಾವನ ದನಿಯಲ್ಲಿ. "ಐದನೇ ಮಹಡಿ, ಬಚ್ಚಲು. ಮತ್ತೆ ಸೋರ್ತಿದೆ. ತಕ್ಷಣ ಹೊರಡಬೇಕು."

"ಮಾವ, ಇಲ್ಲೇ ಕೂತಿದ್ದೀನಲ್ಲ. ಬಾಯಲ್ಲೇ ಹೇಳಬಹುದಿತ್ತು."

"ಗಡಿಯಾರದಲ್ಲಿ ಮಾತಾಡಿ, ಅಳಿಯಂದ್ರೆ. ಲೈನ್ ಸರಿ ಇದೆಯಾ ನೋಡ್ತಿದ್ದೀನಿ. ಅದನ್ನ ಮಾತ್ರ ಕೈಯಿಂದ ಬಿಚ್ಚಬೇಡಿ."

ಊರಿನವರಿಗಾದರೆ ಇವತ್ತಲ್ಲ ನಾಳೆ ಎಂದು ಸಬೂಬು ಹೇಳಬಹುದಿತ್ತು. ಹೆಣ್ಣು ಕೊಟ್ಟ ಮಾವನಿಗೆ ಏನು ಹೇಳುವುದು? ಅವನು ಹೆಂಡತಿಯತ್ತ ನೋಡಿದ. ಅವಳು ಟಾರ್ಚ್ ಹಿಡಿದು ನಿಂತಿದ್ದಳು. ಅವನು ತುತ್ತನ್ನು ತಟ್ಟೆಯಲ್ಲಿಟ್ಟು, ಮಣಿಕಟ್ಟನ್ನು ಬಾಯಿಯ ಹತ್ತಿರಕ್ಕೆ ತಂದ.

"ಹೊರಟೆ," ಎಂದು ಚಪ್ಪಲಿ ಮೆಟ್ಟಿದ.