ಮಂಚದಡಿಯ ಮಿಲ್ಲಿನ ಮರಿ

ಸೈನಬ: (ಪಿಸುದನಿಯಲ್ಲಿ) ಇದಕ್ಕಿಂತ ಮೆಲ್ಲ ಮಾತಾಡ್ಬೇಕಾದ್ರೆ ನಾನು ಬಾಯಿ ಮುಚ್ಚಿಯೇ ಮಾತಾಡ್ಬೇಕಷ್ಟೆ!

ಉಸ್ಮಾನ್: (ಇನ್ನೂ ಪಿಸುದನಿಯಲ್ಲಿ) ಹಾಗೆ ಮಾಡಿದ್ರೆ ಮತ್ತೂ ಒಳ್ಳೆಯದೇ.

ಸೈನಬ: ಎಂತ ಹೇಳಿದ್ರಿ?

ಉಸ್ಮಾನ್: ಎಂತದ್ದೂ ಇಲ್ಲ. ಮರಿಗೆ ಹೇಳಿದ್ದು.

ಶಿರ್ತಾಡಿಯ ಈ ಮನೆಯಲ್ಲಿ ಗಂಡಹೆಂಡತಿ ಪಿಸುಗುಟ್ಟಿ ಜಗಳವಾಡಲು ತೊಡಗಿ ಇಂದಿಗೆ ಮೂರನೆಯ ದಿನ. ಅದಕ್ಕೆ ಮೊದಲಿನ ಇಪ್ಪತ್ತೆಂಟು ವರ್ಷ ಇವರ ಜಗಳ ಬಸ್ ಸ್ಟಾಪಿನವರೆಗೆ ಕೇಳಿಸುತ್ತಿತ್ತು. ಈಗ ಏನೂ ಕೇಳಿಸದೆ ಗಾಬರಿಯಾದ ಪಕ್ಕದ ಮನೆಯ ಅಮ್ಮಣಿ ನಿನ್ನೆ ಬಂದು, ಎಲ್ಲ ಸೌಖ್ಯವಾ ಎಂದು ವಿಚಾರಿಸಿ ಹೋಗಿದ್ದಾಳೆ. ಕಾರಣ ಇರುವುದು ಮಲಗುವ ಕೋಣೆಯ ಮಂಚದಡಿಯಲ್ಲಿ, ಹಳೆಯ ಸೂಟ್‌ಕೇಸಿನ ಹಿಂದೆ. ಎರಡು ತಿಂಗಳ ಬೂದು ಬಣ್ಣದ ಬೆಕ್ಕಿನ ಮರಿ. ಮುಂಡಪ್ಪನ ಅಕ್ಕಿ ಮಿಲ್ಲಿಗೆ ನಾಯಿ ನುಗ್ಗಿದಾಗ ತಾಯಿ ಬೆಕ್ಕು ಎರಡು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಓಡಿತು, ಆಮೇಲೆ ಮರಳಿ ಬರಲಿಲ್ಲ. ತೌಡಿನ ಮೂಟೆಯ ಹಿಂದೆ ಉಳಿದ ಮೂರನೆಯದನ್ನು, ಅಕ್ಕಿ ಮಾಡಿಸಲು ಹೋಗಿದ್ದ ಉಸ್ಮಾನ್ ಬಟ್ಟೆಯ ಚೀಲದಲ್ಲಿ ಹಾಕಿ ತಂದ. ಅಕ್ಕಿಯನ್ನು ಅಲ್ಲೇ ಮರೆತು ಬಂದ.

ಆತ ಈಗ ನೆಲದ ಮೇಲೆ ಬೋರಲು ಮಲಗಿ, ಮಂಚದಡಿಗೆ ತಲೆ ತೂರಿಸಿದ್ದಾನೆ. ಸೈನಬ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

ಸೈನಬ: ಅದೆಂತ ಕಣ್ಣು ಹಾಗೆ ಮುಚ್ಚಿ ಮುಚ್ಚಿ ತೆರೆಯುದು? ಕಸ ಬಿತ್ತಾ?

ಉಸ್ಮಾನ್: ಉಝ್ಮಾ ಹೇಳಿದ್ದು. ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದ್ರೆ, ನಾನು ನಿನ್ನ ಶತ್ರು ಅಲ್ಲ ಅಂತ ಬೆಕ್ಕಿನ ಭಾಷೆಯಲ್ಲಿ ಅರ್ಥವಂತೆ.

ಸೈನಬ: ನನ್ನ ಹತ್ರ ಒಂದು ದಿನ ಆದ್ರೂ ಹಾಗೆ ಹೇಳಿದ್ದುಂಟಾ ನೀವು?

ಉಸ್ಮಾನ್: ನೀನು ಮಂಚದಡಿಯಲ್ಲಿ ಕೂತದ್ದುಂಟಾ?

ಉಝ್ಮಾ ಅಂದರೆ ಬಂಟ್ವಾಳಕ್ಕೆ ಮದುವೆ ಮಾಡಿಕೊಟ್ಟ ಮಗಳು. ಮೊಬೈಲ್ ನೋಡಿ ಬೆಕ್ಕಿನ ವಿದ್ಯೆಯನ್ನೆಲ್ಲ ಕಲಿತು, ದಿನಕ್ಕೆ ಆರು ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಮರಿಯನ್ನು ಒಂದೇ ಕೋಣೆಯಲ್ಲಿಡಿ. ಎಳೆದು ತೆಗೆಯಬೇಡಿ. ಊಟ ಒಂದೇ ಜಾಗದಲ್ಲಿಡಿ, ತಾನಾಗಿಯೇ ಬರಲಿ. ಮುಖ್ಯವಾಗಿ, ಸದ್ದು ಮಾಡಬೇಡಿ. ಈ ಕೊನೆಯದನ್ನು ಉಸ್ಮಾನ್ ಕಾನೂನಿನ ಹಾಗೆ ಜಾರಿಗೆ ತಂದಿದ್ದ. ಟಿವಿ ಬಂದ್, ಕುಕ್ಕರ್ ಬಂದ್, ಮಿಕ್ಸಿ ಬಂದ್.

ಸೈನಬ: ಮೂರು ದಿನ ಆಯ್ತು ಮನೆಯಲ್ಲಿ ತೆಂಗಿನಕಾಯಿ ಅರೆಯದೆ. ನೀರು ಸಾರು ಉಂಡು ಉಂಡು ನನ್ನ ನಾಲಗೆಯೇ ಸತ್ತು ಹೋಗಿದೆ. ಇವತ್ತು ಬಂಗುಡೆ ಮೀನು ಬೇರೆ ತಂದಿದ್ದೀರಿ. ಮಸಾಲೆ ಇಲ್ಲದೆ ಅದನ್ನು ಎಂತ ಮಾಡುದು, ಮುಖ ನೋಡುದಾ?

ಉಸ್ಮಾನ್: ಒಂದು ಮರಿಗೋಸ್ಕರ ಅಷ್ಟು ಮಾಡ್ಲಿಕ್ಕೆ ಆಗುದಿಲ್ವಾ?

ಸೈನಬ: ಮಾಡ್ತಿದ್ದೆ, ಆ ಮರಿ ಒಂದು ತುತ್ತು ತಿಂದಿದ್ರೆ! ನೀರು ಬಿಟ್ಟು ಎಂತ ಮುಟ್ಟಿದೆ ಅದು? ನಾನು ಮೊದಲೇ ಹೇಳಿದ್ದೇನೆ, ಇವತ್ತು ಊಟದ ಹೊತ್ತಿನ ಒಳಗೆ ತಿನ್ನದಿದ್ರೆ ಮುಂಡಪ್ಪಣ್ಣ ಬಂದು ಕೊಂಡೋಗ್ತಾರೆ. ಹಸಿವಿನಲ್ಲಿ ಸಾಯ್ಲಿಕ್ಕೆ ಅದಕ್ಕೆ ನನ್ನ ಮಂಚದಡಿಯೇ ಬೇಕಾ?

ಉಸ್ಮಾನ್: ಅಲ್ಲಿ ನಾಯಿ ಉಂಟು ಮಾರಾಯ್ತಿ.

ಸೈನಬ: ನಾಯಿ ಬರ್ಲೂಬಹುದು, ಬಾರದೆ ಇರ್ಲೂಬಹುದು. ಹಸಿವು ಬಾರದೆ ಇರ್ತದಾ?

ನಿಜ ಹೇಳಬೇಕೆಂದರೆ ಬೆಳಿಗ್ಗೆಯಿಂದ ಸೈನಬಳೂ ನಾಲ್ಕು ಸಲ ಬಗ್ಗಿ ನೋಡಿದ್ದಳು. ಕೊನೆಯ ಸಲ ಆ ಮರಿಯ ಪಕ್ಕೆಲುಬು ಕಂಡು ಅವಳಿಗೆ ಪಾಪವೆನಿಸಿತ್ತು. ಅದನ್ನು ಗಂಡನಿಗೆ ಹೇಳಿದರೆ ಆತ ತಲೆ ಮೇಲೆ ಕೂರುತ್ತಾನೆಂದು ಹೇಳಿರಲಿಲ್ಲ.

ಉಸ್ಮಾನ್: ಇವತ್ತು ರಾತ್ರಿ ನಾನು ಇಲ್ಲೇ ಮಲಗಿದ್ರೆ ಹೇಗೆ? ಮನುಷ್ಯನ ವಾಸನೆ ಅಭ್ಯಾಸ ಆಗ್ಬೇಕಂತೆ.

ಸೈನಬ: ಬಂತು ನೋಡಿ, ಬೆಕ್ಕಿನ ಹೆಸರಲ್ಲಿ ಕೋಣೆಯೊಳಗೆ ಬರುವ ಉಪಾಯ! ನಿಮ್ಮ ಗೊರಕೆಗೆ ಗೋಡೆಯ ಹಲ್ಲಿಯೇ ಓಡಿ ಹೋಗಿದೆ. ಇನ್ನು ಇದು ಉಳೀತದಾ? ನಾಲ್ಕು ತಿಂಗಳಿಂದ ಮಲಗುವ ಚಾವಡಿಯ ದಿವಾನ ಉಂಟಲ್ಲ, ಅಲ್ಲೇ ಇರಿ.

ಉಸ್ಮಾನ್: ನಾನು ಗೊರಕೆ ಹೊಡೆಯುದೇ ಇಲ್ಲ. ಎಚ್ಚರವೇ ಇರ್ತೇನೆ. ಸುಮ್ಮನೆ ಕಣ್ಣು ಮುಚ್ಚಿರ್ತೇನೆ ಅಷ್ಟೆ.

ಸೈನಬ: ಹೌದೌದು. ಗೊರಕೆ ಹೊಡೆಯುದು ದಿಂಬು!

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತಿತು. ಮುಂಡಪ್ಪ ಬಂದಿದ್ದ, ಒಂದು ಕೈಯಲ್ಲಿ ಉಸ್ಮಾನ್ ಮರೆತ ಅಕ್ಕಿಯ ಚೀಲ, ಇನ್ನೊಂದರಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆ. ಮೂವತ್ತು ವರ್ಷ ಮಿಲ್ಲಿನ ಸದ್ದನ್ನು ಮೀರಿಸಿ ಮಾತಾಡಿದ ಮನುಷ್ಯ. ಆತನ ಗುಟ್ಟು ಊರಿಗೆಲ್ಲ ಡಂಗುರ.

ಮುಂಡಪ್ಪ: (ಕಿರುಚಿ) ಉಸ್ಮಾನಾಕಾ! ಎಲ್ಲುಂಟು ನಮ್ಮ ಮರಿ?

ಉಸ್ಮಾನ್: (ತುಟಿಯ ಮೇಲೆ ಬೆರಳಿಟ್ಟು) ಶ್‌ಶ್! ಮೆಲ್ಲ, ಮುಂಡಪ್ಪಣ್ಣ!

ಮುಂಡಪ್ಪ: (ಕಿರುಚಿ) ಮೆಲ್ಲವೇ ಮಾತಾಡ್ತಾ ಇದ್ದೇನಲ್ಲ!

ಸೈನಬ: ಅಯ್ಯೋ, ಅಲ್ಲಿ ನೋಡಿ!

ಸೂಟ್‌ಕೇಸಿನ ಮೂಲೆಯಿಂದ ಒಂದು ಕಿವಿ ಹೊರಗೆ ಬಂದಿತ್ತು. ಅದರ ಹಿಂದೆ ಒಂದು ಕಣ್ಣು.

ಉಸ್ಮಾನ್: ಮಾತಾಡ್ಬೇಡಿ! ಯಾರೂ ಉಸಿರು ಬಿಡ್ಬೇಡಿ!

ಮೂವರೂ ಕಲ್ಲಾದರು. ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ಕಣ್ಣು ಒಳಗೆ ಹೋಯಿತು. ಕಿವಿಯೂ ಹೋಯಿತು.

ಉಸ್ಮಾನ್: ಮುಂಡಪ್ಪಣ್ಣನ ಗುರುತು ಸಿಕ್ಕಿತು ಅದಕ್ಕೆ. ಮೂರು ದಿನದಿಂದ ನಾನು ನೆಲದಲ್ಲಿ ತೆವಳಿದ್ದೇನೆ, ನನಗೆ ಒಂದು ಕಿವಿಯನ್ನೂ ತೋರಿಸ್ಲಿಲ್ಲ.

ಆತನ ದನಿ ಸಣ್ಣದಾಗಿತ್ತು. ಈ ಸಲ ಅದು ಮರಿಗೋಸ್ಕರ ಮಾಡಿದ ಪಿಸುದನಿಯಲ್ಲ.

ಮುಂಡಪ್ಪ: ಬೇಜಾರು ಮಾಡ್ಬೇಡಿ. ಪೆಟ್ಟಿಗೆಯಲ್ಲಿ ಹಾಕಿ ಕೊಂಡೋಗ್ತೇನೆ. ನಾಯಿ ಬಂದ್ರೆ ಮಾತ್ರ ನಾನು ಜವಾಬ್ದಾರಿ ಅಲ್ಲ, ನನಗೆ ಎರಡೇ ಕಣ್ಣು.

ಸೈನಬ: ಮುಂಡಪ್ಪಣ್ಣ, ಊಟದ ಹೊತ್ತಿಗೆ ಬಂದವರು ಬರಿ ಹೊಟ್ಟೆಯಲ್ಲಿ ಹೋಗುದಾ? ಕೂತ್ಕೊಳ್ಳಿ. ಮರಿ ಹೇಗೂ ಹೊರಟಿತಲ್ಲ, ಇನ್ನು ಯಾರ ಹೆದರಿಕೆ? ನಾನು ಮಸಾಲೆ ಅರೀತೇನೆ.

ಉಸ್ಮಾನ್: ಸೈನಬಾ, ಬೇಡ! ಅದರ ಜೀವ ಹೋಗ್ತದೆ!

ಸೈನಬ: ನಿಮ್ಮ ಮೌನದಲ್ಲಿ ಹೋಗುದಕ್ಕಿಂತ ನನ್ನ ಮಸಾಲೆಯಲ್ಲಿ ಹೋಗ್ಲಿ!

ತೆಂಗಿನಕಾಯಿ, ಮೆಣಸು, ಹುಣಸೆಹುಳಿ ಮಿಕ್ಸಿಯ ಜಾರ್‌ಗೆ ಬಿದ್ದವು. ಮೂರು ದಿನದ ಸಿಟ್ಟನ್ನೆಲ್ಲ ಬೆರಳಿಗೆ ತಂದು ಸೈನಬ ಮಿಕ್ಸಿಯ ಗುಂಡಿ ತಿರುಗಿಸಿದಳು. ಘರ್‌ರ್‌ರ್ ಎಂದು ಇಡೀ ಅಡುಗೆಮನೆ ನಡುಗಿತು. ಉಸ್ಮಾನ್ ಕಿವಿ ಮುಚ್ಚಿಕೊಂಡ.

ಮುಂಡಪ್ಪ: (ಕಿರುಚಿ) ಉಸ್ಮಾನಾಕಾ! ಕಾಲ ಹತ್ರ ನೋಡಿ!

ಬೂದು ಮರಿ ಕೋಣೆಯಿಂದ ಹೊರಬಂದು, ಬಾಲ ಎತ್ತಿ, ಮನೆಯ ಯಜಮಾನನ ಹಾಗೆ ಅಡುಗೆಮನೆಗೆ ನಡೆದುಹೋಯಿತು. ಮಿಕ್ಸಿ ಇಟ್ಟ ಕಟ್ಟೆಯ ಬುಡದಲ್ಲಿ ಕುಳಿತು, ಸೈನಬ ಎಸೆದ ಬಂಗುಡೆಯ ತುಂಡನ್ನು ಗಬಗಬನೆ ತಿನ್ನತೊಡಗಿತು.

ಉಸ್ಮಾನ್: (ಕಿರುಚಿ) ತಿಂತದೆ! ಸೈನಬಾ, ತಿಂತದೆ!

ಸೈನಬ: (ಕಿರುಚಿ) ಕಾಣ್ತದೆ, ನನಗೂ ಕಣ್ಣುಂಟು!

ಮುಂಡಪ್ಪ: (ಹಣೆ ಬಡಿದುಕೊಂಡು) ಅದು ಹುಟ್ಟಿದ್ದೇ ನನ್ನ ಮೋಟಾರಿನ ಅಡಿಯಲ್ಲಿ ಮಾರಾಯ್ರೆ! ತಾಯಿ ಹಾಲು ಕೊಡುವಾಗೆಲ್ಲ ಮೇಲೆ ಮೋಟಾರ್ ಓಡ್ತಾ ಇತ್ತು. ಹಗಲು ಹೊತ್ತು ಮಿಲ್ ನಿಂತದ್ದು ಒಂದೇ ದಿನ, ಬೆಲ್ಟ್ ತುಂಡಾಗಿ. ಅವತ್ತೇ ನಾಯಿ ಬಂದದ್ದು.

ಉಸ್ಮಾನ್: ಹಾಗಾದ್ರೆ ಅದಕ್ಕೆ ಹೆದರಿಕೆ ಸದ್ದಿಗಲ್ಲ!

ಸೈನಬ: ನಿಮ್ಮ ಪಿಸುಪಿಸುವಿಗೆ! ಪಾಪದ ಮರಿ, ಈಗ ನಾಯಿ ಬರ್ತದೆ, ಈಗ ಬರ್ತದೆ ಅಂತ ಮೂರು ದಿನ ಕಾದಿದೆ.

ಮಸಾಲೆ ನುಣ್ಣಗಾಯಿತು. ಸೈನಬ ಗುಂಡಿ ತಿರುಗಿಸಿ ನಿಲ್ಲಿಸಿದಳು. ಮರಿ ಬಾಯಲ್ಲಿದ್ದ ತುಂಡನ್ನು ಬಿಟ್ಟು, ಬಾಣ ಬಿಟ್ಟ ಹಾಗೆ ಮಂಚದಡಿಗೆ ಓಡಿತು.

ಉಸ್ಮಾನ್: ಹಾಕು, ಹಾಕು! ಪುನಃ ಹಾಕು!

ಮಸಾಲೆ ಇನ್ನೊಮ್ಮೆ ನುಣ್ಣಗಾಯಿತು. ಆಮೇಲೆ ನಾಳೆಯ ದೋಸೆಗೆಂದು ನೆನೆಹಾಕಿದ ಅಕ್ಕಿ. ಆಮೇಲೆ ಕೊತ್ತಂಬರಿ, ಜೀರಿಗೆ, ಡಬ್ಬದ ತಳದ ಕಡಲೆ. ಮರಿ ಒಂದಿಡೀ ಬಂಗುಡೆ ಮುಗಿಸಿತು. ಅಷ್ಟರಲ್ಲಿ ಮಿಕ್ಸಿಯಿಂದ ಸುಟ್ಟ ವಾಸನೆ ಬಂತು.

ಸೈನಬ: ಇನ್ನು ಅರೆಯಲಿಕ್ಕೆ ಈ ಮನೆಯಲ್ಲಿ ಉಳಿದದ್ದು ನೀವೊಬ್ಬರೇ.

ಮುಂಡಪ್ಪ: ಅದು ಮಿಲ್ಲಿನ ಜೀವ ಸೈನಬಕ್ಕ. ಮನೆಯಲ್ಲಿ ದಿನವಿಡೀ ಮೋಟಾರ್ ಓಡಿಸ್ಲಿಕ್ಕೆ ಆಗ್ತದಾ? ನನ್ನ ಹತ್ರವೇ ಇರ್ಲಿ.

ಮೂವರೂ ಊಟಕ್ಕೆ ಕುಳಿತರು. ಆ ದಿನದಷ್ಟು ನುಣುಪಾದ ಬಂಗುಡೆ ಗಸಿಯನ್ನು ಶಿರ್ತಾಡಿಯಲ್ಲಿ ಯಾರೂ ಉಂಡಿರಲಿಕ್ಕಿಲ್ಲ. ಉಸ್ಮಾನ್ ಮಾತ್ರ ಎರಡು ತುತ್ತು ತಿಂದು ಕೈ ತೊಳೆದ.

ಉಸ್ಮಾನ್: ನೀವು ಕೊಂಡೋಗಿ ಮುಂಡಪ್ಪಣ್ಣ. ಪೆಟ್ಟಿಗೆಯಲ್ಲಿ ಹಾಕುದನ್ನು ನನಗೆ ನೋಡ್ಲಿಕ್ಕೆ ಆಗುದಿಲ್ಲ. ನಾನು ಸ್ವಲ್ಪ ಅಡ್ಡ ಆಗ್ತೇನೆ.

ಆತ ಚಾವಡಿಯ ದಿವಾನದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ದುಃಖ ದೊಡ್ಡದೇ. ಆದರೆ ಮರಿಯ ಚಿಂತೆಯಲ್ಲಿ ಕಣ್ಣು ಮುಚ್ಚದ ಮೂರು ರಾತ್ರಿಯ ನಿದ್ದೆ ಬಾಕಿಯಿತ್ತು, ಅದು ಇನ್ನೂ ದೊಡ್ಡದು. ಐದು ನಿಮಿಷದಲ್ಲಿ ಆತ ಅಂಗಾತ ಹೊರಳಿದ. ಹತ್ತನೆಯ ನಿಮಿಷಕ್ಕೆ ಗೊರಕೆ ಶುರುವಾಯಿತು. ಮೊದಲು ಕುರ್ರ್, ಆಮೇಲೆ ಘುರ್ರ್, ಆಮೇಲೆ ಕಿಟಕಿಯ ಸರಳೂ ಅದುರುವಂಥ ಘರ್‌ರ್‌ರ್.

ಮುಂಡಪ್ಪ ಪೆಟ್ಟಿಗೆ ಹಿಡಿದು ಕೋಣೆಯ ಕಡೆ ಹೊರಟವನು ಅಲ್ಲೇ ನಿಂತ. ಮರಿ ಹೊಸ್ತಿಲು ದಾಟಿ ಬರುತ್ತಿತ್ತು. ಆತನನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ಮೂಸಲಿಲ್ಲ. ನೇರವಾಗಿ ದಿವಾನ ಹತ್ತಿ, ಉಸ್ಮಾನನ ಹೊಟ್ಟೆಯ ಮೇಲೆ ಎರಡು ಸುತ್ತು ಹಾಕಿ, ಎದೆಯ ಮೇಲೆ ಮುದುಡಿ ಮಲಗಿ ಕಣ್ಣು ಮುಚ್ಚಿತು. ನೋಡುತ್ತಿದ್ದ ಸೈನಬಳ ಕಣ್ಣು ಒದ್ದೆಯಾಯಿತು. ಅರೆದ ಮೆಣಸಿನ ಘಾಟು ಎಂದು ಸೆರಗಿನಿಂದ ಒರೆಸಿಕೊಂಡಳು.

ಮುಂಡಪ್ಪ: (ಜೀವಮಾನದಲ್ಲಿ ಮೊದಲ ಸಲ ಪಿಸುದನಿಯಲ್ಲಿ) ಇದು ನನ್ನ ಹಳೇ ಮೋಟಾರಿನದ್ದೇ ಸದ್ದು ಸೈನಬಕ್ಕ.

ಸೈನಬ: ಮುಂಡಪ್ಪಣ್ಣ, ನಿಮ್ಮ ಪೆಟ್ಟಿಗೆ ನೀವೇ ಇಟ್ಕೊಳ್ಳಿ. ಮರಿ ಎಲ್ಲಿಗೂ ಬರುದಿಲ್ಲ.

ಆಕೆ ಚಾವಡಿಯ ಮೂಲೆಯಲ್ಲಿದ್ದ ಗಂಡನ ಹೊದಿಕೆಯನ್ನೂ ಇನ್ನೊಂದು ದಿಂಬನ್ನೂ ಎತ್ತಿ, ನಾಲ್ಕು ತಿಂಗಳ ನಂತರ ಮಲಗುವ ಕೋಣೆಯ ಮಂಚದ ಮೇಲೆ ಇಟ್ಟು ಬಂದಳು. ಅಷ್ಟರಲ್ಲಿ ಮುಂಡಪ್ಪನ ಸ್ಕೂಟರ್ ಹೊರಟ ಸದ್ದಿಗೆ ಉಸ್ಮಾನ್ ಎಚ್ಚರಗೊಂಡ. ಗೊರಕೆ ನಿಂತಿತು. ಎದೆಯ ಮೇಲಿನ ಮರಿ ಥಟ್ಟನೆ ತಲೆಯೆತ್ತಿತು.

ಉಸ್ಮಾನ್: (ಅಲುಗಾಡದೆ) ಸೈನಬಾ... ನನ್ನ ಎದೆ ಮೇಲೆ ಎಂತದೋ ಉಂಟು.

ಸೈನಬ: ಅಲುಗಾಡ್ಬೇಡಿ. ಎದ್ದೇಳ್ಬೇಡಿ. ಬೇಗ ಗೊರಕೆ ಹೊಡೀರಿ!

ಉಸ್ಮಾನ್: ನಿನಗೆ ಮರ್ಲಾ, ತಲೆ ಕೆಟ್ಟಿದಾ? ಎಚ್ಚರ ಇದ್ದವ ಗೊರಕೆ ಹೊಡೆಯುದು ಹೇಗೆ?

ಸೈನಬ: ಇಪ್ಪತ್ತೆಂಟು ವರ್ಷದಿಂದ ಎಚ್ಚರವೇ ಇದ್ದೆ ಅಂತ ಹೇಳಿದ್ದು ಯಾರು? ಅವಾಗ ಹೊಡೀತಾ ಇದ್ರಲ್ಲ, ಹಾಗೇ ಹೊಡೀರಿ!