ಕ್ಯಾಂಪ್‌ಫೈರಿಗೆ ಬಿದ್ದ ಗುಂಟೂರು ಮೆಣಸಿನಕಾಯಿ

ಅಂದು ನಾನು ಕ್ಯಾಂಪ್‌ಫೈರಿಗೆ ಹಾಕಿದ ಒಣಮೆಣಸಿನಕಾಯಿ ಎಷ್ಟು ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ. ನನ್ನ ನೆನಪಿನ ಪ್ರಕಾರ ನಾಲ್ಕೈದು. ಹೆಂಡತಿ ಶ್ವೇತಾಳ ಪ್ರಕಾರ ಒಂದು ಹಿಡಿ. ಅತ್ತೆಯವರ ಪ್ರಕಾರ ಅರ್ಧ ಪೊಟ್ಟಣ. ಅವರಿಬ್ಬರ ಹೇಳಿಕೆಗಳೂ ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ನನ್ನದೇ ಸರಿ ಎಂದು ವಾದಿಸಬಹುದಿತ್ತು. ಆದರೆ ಆ ದಿನಗಳಲ್ಲಿ ನಾನು ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕುತ್ತಿದ್ದೆ. ಒಮ್ಮೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ "ಮಗು ಎಲ್ಲಿ?" ಎಂದು ಕೇಳಿದ್ದೂ ಉಂಟು. ಇಂಥವನ ಸಾಕ್ಷ್ಯವನ್ನು ಯಾರು ನಂಬುತ್ತಾರೆ? ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಪುರಾವೆಯಿಲ್ಲದೆ ಏನನ್ನೂ ಒಪ್ಪುವವನಲ್ಲ. ಹಾಗಾಗಿ ನನ್ನನ್ನು ನಾನೂ ನಂಬುವುದಿಲ್ಲ.

ನಮ್ಮ ಮಗಳು ಚಿನ್ನುಗೆ ಆಗ ಏಳು ತಿಂಗಳು. ಮನೆ ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ, ಎರಡನೇ ಮಹಡಿ. ಮನೆಯಲ್ಲಿ ಎಲ್ಲವೂ ಇತ್ತು, ನಿದ್ದೆಯೊಂದನ್ನು ಬಿಟ್ಟು. ಮುಂದಿನ ಸೋಮವಾರ ಶ್ವೇತಾ ತನ್ನ ಕೆಲಸಕ್ಕೆ ಮರಳಬೇಕಿತ್ತು. ಹೊರಡುವ ಮುಂಚೆ ಅವಳದೊಂದು ಆಸೆ.

"ರೀ, ಸೋಮವಾರಕ್ಕೆ ಮುಂಚೆ ಒಂದೇ ಒಂದು ರಾತ್ರಿ ನಾನು ಹೊರಗಡೆ ಮಲಗ್ಬೇಕು. ಈ ಫ್ಯಾನ್ ನೋಡಿ ನೋಡಿ ಅದರ ರೆಕ್ಕೆಗಳು ನೆಂಟರ ಥರ ಆಗ್ಬಿಟ್ಟಿವೆ. ಆಕಾಶ ನೋಡ್ಬೇಕು, ಅಷ್ಟೇ."

"ಟೆರೇಸ್ ಇದೆಯಲ್ಲ?"

"ಟೆರೇಸಲ್ಲಿ ಓನರ್ ಆಂಟಿ ಸಂಡಿಗೆ ಒಣಗಿಸ್ತಾರೆ. ಮೇಲೆ ಹೋದ್ರೆ ಸಾಕು, ಮಗುಗೆ ಹಾಲು ಸಾಕಾಗ್ತಿದೆಯಾ ಅಂತ ಶುರು ಮಾಡ್ತಾರೆ. ಆಕಾಶ ಅವರ ಮುಖದ ಹಿಂದೆ ಎಲ್ಲೋ ಇರುತ್ತೆ."

ಏಳು ತಿಂಗಳಲ್ಲಿ ಅವಳು ನನ್ನಲ್ಲಿ ಕೇಳಿದ್ದು ಇದೊಂದೇ. ಇದನ್ನೂ ನಡೆಸಿಕೊಡದಿದ್ದರೆ ನಾನು ಗಂಡನೆಂದು ಹೇಳಿಕೊಳ್ಳುವುದು ಹೇಗೆ? ಕೆಂಗೇರಿ ದಾಟಿ ಸ್ವಲ್ಪ ದೂರದಲ್ಲಿ, ಕೆರೆಯ ಪಕ್ಕ, ಟೆಂಟು ಹಾಕಲು ಜಾಗ ಕೊಡುವವರಿದ್ದಾರೆ ಎಂದು ಮೊಬೈಲಿನಲ್ಲಿ ಪತ್ತೆಹಚ್ಚಿದೆ. ಗೆಳೆಯನಿಂದ ಟೆಂಟು ತಂದೆ. ತೆರೆದ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವೆ ಎಂದು ಎಲ್ಲೋ ಓದಿದ್ದೆ. ಎಲ್ಲಿ ಎಂದು ನೆನಪಿಲ್ಲ. ಓದಿರಲಿಕ್ಕಿಲ್ಲ.

"ನೀನು ಏನೂ ಯೋಚನೆ ಮಾಡ್ಬೇಡ. ಎಲ್ಲ ನನಗೆ ಬಿಡು," ಎಂದೆ.

ಅಲ್ಲಿಗೆ ಆಕಾಶದ ಹಣೆಬರಹ ನಿರ್ಧಾರವಾಯಿತು!

ಬಾಣಂತನ ಮುಗಿಸಿ ಮಗುವಿನ ಜೊತೆಯಲ್ಲೇ ದಾವಣಗೆರೆಯಿಂದ ಬಂದಿದ್ದ ಅತ್ತೆಯವರು ನಮ್ಮ ಜೊತೆಗೇ ಇದ್ದರು. ಅವರನ್ನು ಮನೆಯಲ್ಲಿ ಆರಾಮವಾಗಿರಲು ಬಿಡೋಣವೆಂಬುದು ನನ್ನ ಯೋಜನೆ.

"ಅಲ್ರೀ ಅಳಿಯಂದ್ರೇ, ಕೂಸನ್ನ ಬಿಟ್ಟು ನಾನೊಬ್ಬಾಕಿ ಇಲ್ಲಿ ಕುಂತು ಏನ್ ಮಾಡ್ಲಿ? ಗೋಡೆ ಜೊತೆ ಮಾತಾಡ್ಲಾ?" ಎಂದು ಅವರು ಚಪ್ಪಲಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕುಳಿತರು.

ಅವರ ಹಿಂದೆ ಸಾಮಾನು ಇಳಿಯತೊಡಗಿತು. ಬಿಸಿನೀರಿನ ಫ್ಲಾಸ್ಕುಗಳು, ರಾಗಿ ಸರಿಯ ಡಬ್ಬ, ತೇಯುವ ಕಲ್ಲು, ಅದರ ಮೇಲೆ ತೇಯಲು ಬಜೆ, ಜೋಲಿ ಕಟ್ಟಲು ಹಳೆಯ ಸೀರೆ, ಒಂದು ಬಕೆಟ್, ಬಕೆಟ್ಟಿನೊಳಗೆ ಮತ್ತೊಂದು ಬಕೆಟ್. ಓನರ್ ಆಂಟಿ ಗೇಟಿಗೆ ಓಡಿಬಂದರು.

"ಏನ್ ಸಾರ್, ಒಂದು ಮಾತೂ ಹೇಳ್ದೆ ಮನೆ ಖಾಲಿ ಮಾಡ್ತಿದ್ದೀರಾ?"

"ಇಲ್ಲ ಆಂಟಿ, ಒಂದು ರಾತ್ರಿ ಕ್ಯಾಂಪಿಂಗ್."

ಅವರು ಎರಡು ಬಕೆಟ್ಟನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. ನಂಬಿದಂತೆ ಕಾಣಲಿಲ್ಲ.

ಟೆಂಟು ಹಾಕುವುದನ್ನು ನಾನು ಮನೆಯಲ್ಲೇ ಅಭ್ಯಾಸ ಮಾಡಿದ್ದೆ. ಅಲ್ಲಿ ಅದು ಚೆನ್ನಾಗಿಯೇ ನಿಂತಿತ್ತು. ಒಂದು ಕಡೆ ಸೋಫಾ, ಇನ್ನೊಂದು ಕಡೆ ಬೀರು ಅದನ್ನು ಹಿಡಿದುಕೊಂಡಿದ್ದವು ಎಂಬುದು ಕೆರೆಯ ದಂಡೆಗೆ ಹೋದ ಮೇಲೆ ತಿಳಿಯಿತು. ಅಲ್ಲಿ ಸೋಫಾ ಇರಲಿಲ್ಲ. ನಾನು ಒಂದು ಮೂಲೆಯನ್ನು ನೆಲಕ್ಕೆ ಬಡಿದರೆ ಎದುರಿನ ಮೂಲೆ ಎದ್ದು ನಿಲ್ಲುತ್ತಿತ್ತು. ಕೊನೆಗೆ ಜಾಗ ನೋಡಿಕೊಳ್ಳುವ ಕಿರಣ್ ಎಂಬ ಯುವಕ ಬಂದು, "ಸಾರ್, ನೀವು ಪಾಪುನ ಹಿಡ್ಕೊಳಿ, ನಾನು ಮಾಡ್ತೀನಿ," ಎಂದ. ಪಾಪು ಶ್ವೇತಾಳ ಬಳಿಯಿತ್ತು. ನನ್ನನ್ನು ದೂರ ಕಳಿಸಲು ಅವನು ಬಳಸಿದ ಗೌರವದ ದಾರಿ ಅದು.

ಟೆಂಟು ನಿಂತಿತು. ಒಳಗೆ ಹಾಸಿಗೆ ಹಾಸಿ ಶ್ವೇತಾ ಅಂಗಾತ ಮಲಗಿ, ಬಾಗಿಲಿನಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದಳು. ಇನ್ನೂ ಬೆಳಕಿತ್ತು. "ಕತ್ತಲಾಗ್ಲಿ," ಎಂದು ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು ನೋಡಿ ನನಗೆ ಹೆಮ್ಮೆಯಾಯಿತು.

ಆಗ ಚಿನ್ನು ಅಳಲು ಶುರುಮಾಡಿದಳು.

ಅವಳಿಗೆ ನಿದ್ದೆ ಬರುವುದು ಜೋಲಿಯಲ್ಲಿ ಮಾತ್ರ. ಮನೆಯಲ್ಲಿ ಸೂರಿನ ಕೊಕ್ಕೆಗೆ ಸೀರೆ ಕಟ್ಟಿ ತೂಗುತ್ತೇವೆ. ಟೆಂಟಿನಲ್ಲಿ ಕೊಕ್ಕೆ ಎಲ್ಲಿಂದ ಬರಬೇಕು? "ಮರಕ್ಕೆ ಕಟ್ರಿ," ಎಂದರು ಅತ್ತೆ. ಮರದಲ್ಲಿ ಕೆಂಜಿಗಗಳಿದ್ದವು. ಟೆಂಟಿನ ನೆತ್ತಿಯ ಕಡ್ಡಿಗೇ ಕಟ್ಟಬಹುದೆಂದು ನಾನು ಲೆಕ್ಕ ಹಾಕಿದೆ. ಮಗುವನ್ನು ಮಲಗಿಸುವ ಮೊದಲು ಪರೀಕ್ಷೆ ಮಾಡಬೇಕೆಂಬ ವಿವೇಕ ನನಗಿತ್ತು, ಇದನ್ನು ದಯವಿಟ್ಟು ಗಮನಿಸಿ. ಸೀರೆಯೊಳಗೆ ಒಂದು ಫ್ಲಾಸ್ಕ್ ಇಟ್ಟು ಮೆಲ್ಲಗೆ ತೂಗಿದೆ. ಫ್ಲಾಸ್ಕ್ ಬಲಕ್ಕೆ ಹೋಯಿತು. ಟೆಂಟೂ ಬಲಕ್ಕೆ ಹೋಯಿತು. ಫ್ಲಾಸ್ಕ್ ಎಡಕ್ಕೆ ಬಂತು. ಟೆಂಟು ಬರಲಿಲ್ಲ!

ಮಲಗಿದ ಟೆಂಟಿನ ಕೆಳಗಿನಿಂದ ನಾನು ತೆವಳಿ ಹೊರಬಂದಾಗ ಚಿನ್ನುವಿನ ಅಳು ತಾರಕಕ್ಕೆ ಏರಿತ್ತು. ಪಕ್ಕದ ಟೆಂಟುಗಳಲ್ಲಿ ಯಾವುದೋ ಆಫೀಸಿನ ಹುಡುಗರ ಗುಂಪೊಂದಿತ್ತು. ಒಳ್ಳೆಯ ಹುಡುಗರು. ಒಬ್ಬೊಬ್ಬರಾಗಿ ಬಂದು ಸಮಾಧಾನಪಡಿಸಲು ನೋಡಿದರು.

"ಮಚ್ಚಾ, ಎಷ್ಟ್ ಕ್ಯೂಟ್ ಆಗಿದೆ ನೋಡೋ ಪಾಪು!"

"ಕೆನ್ನೆ ನೋಡು ಮಗಾ, ಬನ್ ಥರ ಇದೆ!"

ಒಬ್ಬ ಗಿಟಾರು ತಂದು ಬಾರಿಸಿದ. ಚಿನ್ನು ಅದಕ್ಕಿಂತ ಮೇಲಿನ ಶ್ರುತಿಯಲ್ಲಿ ಅತ್ತಳು. ಹುಡುಗರು ವಾಪಸ್ಸು ಹೋಗಿ, ಕಿರಣ್ ಹಚ್ಚಿಕೊಟ್ಟ ಬೆಂಕಿಯ ಸುತ್ತ ಕುಳಿತರು. ಅತ್ತೆಯವರು ಅವರೆಲ್ಲರನ್ನೂ ಒಮ್ಮೆ ಎಣಿಸುವವರಂತೆ ನೋಡಿ, ಕೈಚೀಲದಿಂದ ಒಂದು ಪೊಟ್ಟಣ ತೆಗೆದರು.

"ಶ್ವೇತಾ, ಕೂಸಿಗೆ ನೆದರು ಬಡಿದೈತಿ ಕಣೇ. ಇಷ್ಟು ಜನ ಕೆನ್ನೆ ಕೆನ್ನೆ ಅಂದ್ರೆ ಬಿಟ್ಟೀತಾ? ಹಿಡ್ಕಾ ಹಿಂಗೆ."

ದೃಷ್ಟಿ ತೆಗೆಯುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಕೆಮ್ಮು ತರಿಸುವ ಘಾಟು ಬಂದರೆ ದೃಷ್ಟಿ ಇರಲಿಲ್ಲವೆಂದು ಅರ್ಥ. ಘಾಟು ಬಾರದಿದ್ದರೆ ಭಾರೀ ದೃಷ್ಟಿಯೇ ಆಗಿತ್ತು, ಈಗ ಸುಟ್ಟುಹೋಯಿತು ಎಂದು ಅರ್ಥ. ಅತ್ತೆ ಮಾಡುವಾಗಲೆಲ್ಲ ಘಾಟು ಬರುವುದಿಲ್ಲ. ನಾನು ಪ್ರತಿ ಸಲ ವಾದಿಸುತ್ತೇನೆ, ಪ್ರತಿ ಸಲ ಸೋಲುತ್ತೇನೆ.

ಆ ಸಂಜೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನನಗೆ ಟೆಂಟಿನ ಅವಮಾನ ಇನ್ನೂ ಹಸಿಯಾಗಿತ್ತು. ನನಗೆ ಗೊತ್ತಿರುವ ವಿಷಯವೂ ಒಂದಿದೆ ಎಂದು ಲೋಕಕ್ಕೆ ತೋರಿಸಬೇಕಿತ್ತು.

"ಅತ್ತೆ, ಘಾಟು ಬರೋದು ಮೆಣಸಿನಕಾಯಿಯಿಂದ. ಮಗುಗೆ ನಿವಾಳಿಸಿದ್ರೂ ಬರುತ್ತೆ, ನಿವಾಳಿಸದೇ ಇದ್ರೂ ಬರುತ್ತೆ."

"ಹಂಗಾದ್ರೆ ನಾನು ಹಾಕಿದಾಗ ಯಾಕ ಬರಂಗಿಲ್ಲ?"

"ನೀವು ಕಿಟಕಿ ಪಕ್ಕ ಹಾಕ್ತೀರಿ. ಇಲ್ಲೇ ಪರೀಕ್ಷೆ ಮಾಡೋಣ. ಮೊದಲು ನಾನು ನಿವಾಳಿಸದೇ ಇರೋದು ಹಾಕ್ತೀನಿ. ಆಮೇಲೆ ನೀವು ನಿವಾಳಿಸಿದ್ದು ಹಾಕಿ. ಎರಡೂ ಒಂದೇ ಅಂತ ಗೊತ್ತಾಗುತ್ತೆ."

"ರೀ, ಬೇಡ. ಸುಮ್ನಿರಿ," ಎಂದಳು ಶ್ವೇತಾ. ಅವಳು ಮಗುವನ್ನು ಎತ್ತಿಕೊಂಡು ಕಾರಿನ ಕಡೆ ನಡೆದಳು. ನಮ್ಮ ಮನೆಯಲ್ಲಿ ದೂರದೃಷ್ಟಿ ಇರುವವಳು ಅವಳೊಬ್ಬಳೇ. ಅತ್ತೆಯವರು ತಮ್ಮ ಪಾಲು ತೆಗೆದುಕೊಂಡು, ಪೊಟ್ಟಣವನ್ನು ನನ್ನ ಕೈಗಿಟ್ಟು, ಅವಳ ಹಿಂದೆಯೇ ಹೋಗಿ ನಿವಾಳಿಸತೊಡಗಿದರು: "ಗಿಟಾರಿನವನ ಕಣ್ಣು, ಗಡ್ಡದವನ ಕಣ್ಣು, ಕೆಂಪು ಟೋಪಿಯವನ ಕಣ್ಣು…"

ನಾನು ಬೆಂಕಿಯ ಬಳಿ ನಿಂತು, ಹುಡುಗರಿಗೆ ಪ್ರಯೋಗದ ಉದ್ದೇಶವನ್ನು ಸಂಕ್ಷಿಪ್ತವಾಗಿ ವಿವರಿಸಿದೆ. ಸಂಕ್ಷಿಪ್ತವಾಗಿರಲಿಲ್ಲ ಎಂದು ಆಮೇಲೆ ಕೇಳಿಬಂತು. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಪೊಟ್ಟಣದೊಳಗೆ ಕೈಹಾಕಿ ಮೆಣಸಿನಕಾಯಿ ತೆಗೆದೆ. ಅವು ಅಡುಗೆಗೆ ಹಾಕುವ ಬ್ಯಾಡಗಿಯಲ್ಲ, ದೃಷ್ಟಿಗೆಂದೇ ಇಟ್ಟ ಗುಂಟೂರು ಎಂಬುದು ನನಗೆ ತಿಳಿದಿರಲಿಲ್ಲ. ನಾಲ್ಕೈದನ್ನು (ಅಥವಾ ಒಂದು ಹಿಡಿ, ಅಥವಾ ಅರ್ಧ ಪೊಟ್ಟಣ) ಬೆಂಕಿಗೆ ಹಾಕಿದೆ.

ಮೊದಲು ಏನೂ ಆಗಲಿಲ್ಲ. "ನೋಡಿದ್ರಾ? ತೆರೆದ ಜಾಗ, ಹೊಗೆ ಮೇಲಕ್ಕೆ ಹೋಗುತ್ತೆ," ಎಂದೆ.

ಗಾಳಿ ತಿರುಗಿತು.

ಗಡ್ಡದವನು ಮೊದಲು ಕೆಮ್ಮಿದ. ಆಮೇಲೆ ಗಿಟಾರಿನವನು. ಆಮೇಲೆ ಯಾರು ಯಾವಾಗ ಕೆಮ್ಮಿದರೆಂದು ಹೇಳಲಾಗದು, ಏಕೆಂದರೆ ನನಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಅಯ್ಯೋ, ಏನ್ ಗುರು ಇದು!" "ಓಡ್ರೋ, ಓಡ್ರೋ!" "ನನ್ ಚಪ್ಪಲಿ!" ಎಂಬ ಕೂಗುಗಳು ಎಲ್ಲ ದಿಕ್ಕಿಗೂ ಚೆದುರಿದವು. ಕೆಂಪು ಟೋಪಿಯವನು ನೇರವಾಗಿ ಕೆರೆಯ ಅಂಚಿಗೆ ಓಡಿ, ಟೋಪಿಯಲ್ಲೇ ನೀರು ಮೊಗೆದು ಮುಖಕ್ಕೆ ಸುರಿದುಕೊಂಡ. ದೂರದಲ್ಲಿ ಮೇಯುತ್ತಿದ್ದ ಎಮ್ಮೆಯೊಂದು ಸೀನಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಎಮ್ಮೆಗಳು ಸೀನುತ್ತವೆಯೇ ಎಂಬುದು ಮಾತ್ರ ಅನುಮಾನ.

ಈ ಗದ್ದಲದ ನಡುವೆ ಅತ್ತೆಯವರು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಶಾಂತವಾಗಿ ಬಂದು, ತಮ್ಮ ಪಾಲಿನದನ್ನು ಬೆಂಕಿಗೆ ಹಾಕಿದರು. ಅದೇ ಕ್ಷಣಕ್ಕೆ ಕಿರಣ್ ಓಡಿಬಂದು ನಮ್ಮದೇ ಎರಡು ಬಕೆಟ್ ನೀರನ್ನು ಅದರ ಮೇಲೆ ಸುರಿದ. ಬುಸ್ ಎಂದಿತು. ಬೆಂಕಿ ಆರಿತು.

ಅತ್ತೆ ಸೆರಗು ತೆಗೆದು ಮೂಸಿದರು.

"ನೋಡ್ರಿ ಅಳಿಯಂದ್ರೇ. ನಿಮ್ದು ಹಾಕಿದಾಗ ಎಷ್ಟು ಘಾಟು ಬಂತು! ನಾನು ನಿವಾಳಿಸಿ ಹಾಕಿದ್ದಕ್ಕೆ ಒಂಚೂರೂ ಬರ್ಲಿಲ್ಲ. ಎಂಥಾ ನೆದರು ಅಂತೀನಿ!"

ನಾನು ಪ್ರತಿಭಟಿಸಲು ಬಾಯಿ ತೆರೆದೆ. ಕೆಮ್ಮು ಬಂತು. ಅಷ್ಟರಲ್ಲಿ ಕಾರಿನ ಬಳಿ, ಗಾಳಿ ಬೀಸಿಬರುತ್ತಿದ್ದ ಸುರಕ್ಷಿತ ದಿಕ್ಕಿನಲ್ಲಿ, ಚಿನ್ನು ಅಳು ನಿಲ್ಲಿಸಿದ್ದಳು. ಇಷ್ಟೊಂದು ಜನ ದೊಡ್ಡವರು ಒಟ್ಟಿಗೆ ಓಡುವುದನ್ನು ಅವಳು ಎಂದೂ ನೋಡಿರಲಿಲ್ಲ. ಬಾಯಿ ತೆರೆದು ನೋಡುತ್ತಿದ್ದಳು. ನನ್ನ ಪ್ರಯೋಗ ಅತ್ತೆಯವರ ಸಿದ್ಧಾಂತವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಿತ್ತು!

ಕಿರಣ್ ಕಣ್ಣೊರೆಸಿಕೊಳ್ಳುತ್ತ ಬಂದ. "ಸಾರ್, ಬೇಜಾರ್ ಮಾಡ್ಕೋಬೇಡಿ… ಪಾಪುಗೂ ಇಲ್ಲಿ ಕಷ್ಟ ಆಗ್ತಿದೆ ಅನ್ಸುತ್ತೆ. ಬೇರೆ ಗೆಸ್ಟ್‌ಗಳಿಗೂ ಸ್ವಲ್ಪ…" ಎನ್ನುತ್ತ ಕಾರಿನ ಡಿಕ್ಕಿಯನ್ನು ತಾನೇ ತೆರೆದು ಹಿಡಿದ.

ಸಾಮಾನೆಲ್ಲ ತುಂಬುವ ಹೊತ್ತಿಗೆ ಕತ್ತಲಾಗಿತ್ತು. ಶ್ವೇತಾ ಕಾರಿನ ಬಾಗಿಲು ಹಿಡಿದು ಒಮ್ಮೆ ತಲೆಯೆತ್ತಿ ನೋಡಿದಳು. ಆರಿದ ಬೆಂಕಿಯ ಹೊಗೆ ಮೇಲೆ ಅಡ್ಡಲಾಗಿ ನಿಂತಿತ್ತು.

"ಏನಾದ್ರೂ ಕಾಣಿಸ್ತಾ?" ಎಂದು ಕೇಳಿದೆ.

"ಬಿಡಿ," ಎಂದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮೈಸೂರು ರಸ್ತೆಗೆ ಬಂದಾಗ ಹಿಂದಿನ ಸೀಟಿನಲ್ಲಿ ಚಿನ್ನು ಮಲಗಿದಳು. ಎಂದೂ ಮಲಗದ ಹಾಗೆ ಮಲಗಿದಳು. ಕನ್ನಡಿಯಲ್ಲಿ ನೋಡಿದೆ. ಅವಳ ಒಂದು ಪಕ್ಕ ಶ್ವೇತಾ, ತಲೆ ಕಿಟಕಿಗೆ ಆನಿಸಿ, ಕಣ್ಣು ಮುಚ್ಚಿದ್ದಳು. ಇನ್ನೊಂದು ಪಕ್ಕ ಅತ್ತೆಯವರು, ಅವರೂ ಕಣ್ಣು ಮುಚ್ಚಿದ್ದರು. ಆಕಾಶವಂತೂ ಹೋಯಿತು, ನಿದ್ದೆಯಾದರೂ ಸಿಗಲಿ.

ವಿಜಯನಗರ ಬಂತು. ಸಿಗ್ನಲ್ಲಿನಲ್ಲಿ ಕಾರು ನಿಂತ ತಕ್ಷಣ ಚಿನ್ನು ಮುಲುಗಿದಳು. ಹೊರಟ ತಕ್ಷಣ ಸುಮ್ಮನಾದಳು. ನನಗೆ ಅರ್ಥವಾಯಿತು: ಮನೆಯ ಮುಂದೆ ನಿಲ್ಲಿಸಿದರೆ ಮೂವರೂ ಎದ್ದೇಳುತ್ತಾರೆ. ನಿಲ್ಲಿಸಲಿಲ್ಲ. ನಮ್ಮ ಗೇಟನ್ನು ದಾಟಿ ಹೊಸಹಳ್ಳಿ ಕಡೆ ಹೋದೆ. ಮೆಟ್ರೋ ಕಂಬಗಳ ಕೆಳಗೆ ಹೋಗಿ, ತಿರುಗಿ ಬಂದು, ಮತ್ತೆ ಹೋದೆ. ರೇಡಿಯೋ ಹಾಕಲಿಲ್ಲ, ಹಾರ್ನ್ ಮಾಡಲಿಲ್ಲ, ತುಟಿ ಎರಡು ಮಾಡಲಿಲ್ಲ. ಘಾಟಿನ ವಿಷಯದಲ್ಲಿ ಗಾಳಿಯ ದಿಕ್ಕಿನ ಪಾತ್ರವೇನೆಂದು ಹೇಳಲು ನಾಲಿಗೆ ತುರಿಸುತ್ತಿತ್ತು. ನುಂಗಿಕೊಂಡೆ. ಕಣ್ಣು ಉರಿಯುತ್ತಿತ್ತು, ಬೆನ್ನು ನೋಯುತ್ತಿತ್ತು, ಆದರೂ ಸಂಸಾರವನ್ನೆಲ್ಲ ಒಬ್ಬನೇ ತೂಗಿ ಮಲಗಿಸುತ್ತಿದ್ದೇನೆ ಎಂಬ ತೃಪ್ತಿಯಿತ್ತು. ಸಾಕಾಗಿ ಮನೆಯ ಮುಂದೆ ನಿಲ್ಲಿಸಿದಾಗ ಚಿನ್ನು ಎದ್ದಳು, ಅತ್ತಳು, ಮೇಲೆ ಜೋಲಿಯಲ್ಲಿ ಮಲಗಿದಳು.

ಸೋಮವಾರ ಶ್ವೇತಾ ಕೆಲಸಕ್ಕೆ ಹೊರಟಾಗ ಅವಳ ಮುಖದಲ್ಲಿ ಎಂಥದೋ ಗೆಲುವಿತ್ತು. ಕಾರಿನಲ್ಲಿ ಸಿಕ್ಕ ನಿದ್ದೆಯ ಫಲ ಅದು ಎಂದು ನಾನು ತೀರ್ಮಾನಿಸಿದೆ. ಆದರೆ ನನ್ನ ತೀರ್ಮಾನಗಳ ಮೇಲೆ ನನಗೆ ಭರವಸೆ ಹೋಗಿತ್ತಲ್ಲ. ಪರಿಶೀಲಿಸಿಯೇ ಬಿಡೋಣವೆಂದು ಅಂದು ಸಂಜೆ ಇಬ್ಬರನ್ನೂ ವಿಚಾರಿಸಿದೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ, ಶ್ವೇತಾಳನ್ನು ಅಡುಗೆಮನೆಯಲ್ಲಿ, ಅತ್ತೆಯವರನ್ನು ಬಾಲ್ಕನಿಯಲ್ಲಿ.

"ನಿದ್ದೆನಾ? ಎಲ್ಲಿ ನಿದ್ದೆ!" ಎಂದಳು ಶ್ವೇತಾ. "ಮೆಟ್ರೋ ಕಂಬ ಎಲ್ಲ ಬಾಯಿಪಾಠ ಆಗಿತ್ತು. ನಾನು ಎಚ್ಚರ ಇದೀನಿ ಅಂತ ಗೊತ್ತಾದ್ರೆ ನೀವು ಘಾಟಿನ ಬಗ್ಗೆ ಶುರು ಮಾಡ್ತಿದ್ರಿ. ಅಷ್ಟು ಹೊತ್ತು ಯಾರೂ ಏನೂ ಮಾತಾಡ್ಲಿಲ್ಲ ನೋಡಿ, ಈ ಏಳು ತಿಂಗಳಲ್ಲಿ ಅಷ್ಟು ಚೆನ್ನಾಗಿ ನಾನು ಎಲ್ಲೂ ಇರ್ಲಿಲ್ಲ."

ಬಾಲ್ಕನಿಗೆ ಹೋದೆ.

"ನಿದ್ದೆ ಎಲ್ಲಿ ಬರ್ತೈತ್ರಿ ಆ ಕಾರಿನಾಗೆ," ಎಂದರು ಅತ್ತೆ. "ಕಣ್ಣು ಬಿಟ್ರೆ ನೀವು ಮಾತಿಗೆ ಹಿಡೀತೀರಿ ಅಂತ ಮುಚ್ಕೊಂಡಿದ್ದೆ."

ಮೆಣಸಿನಕಾಯಿ ಎಷ್ಟು ಬಿತ್ತು, ಎಮ್ಮೆ ಸೀನಿತೋ ಇಲ್ಲವೋ, ನಾನು ಹೇಳಲಾರೆ. ಇದೊಂದು ಮಾತ್ರ ಖಚಿತ: ಅಂದು ಕಾರಿನಲ್ಲಿ ಚಿನ್ನು ಒಬ್ಬಳೇ ಮಲಗಿದ್ದಳು.